ಇಬ್ಬರೂ ಇಲ್ಲದ ಹೊತ್ತು

ಇಸ್ತಿಯಾಕ ನದಾಫ ಮೊದಲು ಹಳ್ಳಿ ರೂಟಿನ ಬಸ್ಸು ಓಡಿಸುತ್ತಿದ್ದ. ಆ ಬಸ್ಸಿನಲ್ಲಿ ಮಾತಿಗೆ ಬರವಿರಲಿಲ್ಲ. ಬಾನೆಟ್ಟಿನ ಮೇಲೆ ಯಾರಾದರೊಬ್ಬ ಮುದುಕ ಕೂತು ಊರ ಪಂಚಾಯ್ತಿ ಸುದ್ದಿ ಹೇಳುತ್ತಿದ್ದ, ಹಿಂದೆ ಕಂಡಕ್ಟರನ ಜಗಳ ನಡೆದೇ ಇರುತ್ತಿತ್ತು, ನವಲಗುಂದ ಮುಟ್ಟುವುದರೊಳಗೆ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಅನ್ನುವುದೂ ತಿಳಿದುಬಿಡುತ್ತಿತ್ತು. ಆಮೇಲೆ ಅವನನ್ನು ಚಿಗರಿ ಬಸ್ಸಿಗೆ ಹಾಕಿದರು. ಹುಬ್ಬಳ್ಳಿಯಿಂದ ಧಾರವಾಡ, ಧಾರವಾಡದಿಂದ ಹುಬ್ಬಳ್ಳಿ. ರಸ್ತೆಯ ನಟ್ಟನಡುವೆ ಆ ಬಸ್ಸುಗಳಿಗೆಂದೇ ಬೇರೆ ಮಾಡಿದ ದಾರಿ. ಟಿಕೆಟ್ಟು ನಿಲ್ದಾಣದಲ್ಲೇ ಕೊಡುತ್ತಾರೆ, ಕಂಡಕ್ಟರ್ ಇಲ್ಲ. ತಣ್ಣನೆಯ ಗಾಳಿಯ ಆ ಬಸ್ಸಿನಲ್ಲಿ ಮಂದಿ ತುಂಬಿ ತುಳುಕುತ್ತಿದ್ದರೂ ಡ್ರೈವರನ ಜೊತೆ ಮಾತಾಡುವವರು ಯಾರೂ ಇಲ್ಲ. ಎಲ್ಲರೂ ತಮ್ಮ ತಮ್ಮ ಮೊಬೈಲಿನೊಳಗೆ ಇರುತ್ತಾರೆ.

ಅವನ ಮನೆ ಬೈರಿದೇವರಕೊಪ್ಪದಲ್ಲಿ, ದೊಡ್ಡ ರಸ್ತೆಯಿಂದ ಒಂದು ಓಣಿ ಒಳಗೆ. ದಿನಕ್ಕೆ ಎಷ್ಟೋ ಸಲ ಅವನು ಆ ಓಣಿಯ ಬಾಯಿಯನ್ನು ಹಾಯುತ್ತಿದ್ದ. ಒಳಗೆ ಅವ್ವ ಮಲಗಿದ್ದಾಳೆ, ಅಪ್ಪ ಅವಳ ಬದಿಗೆ ಕೂತಿದ್ದಾನೆ ಎಂಬುದು ಗೊತ್ತು. ಇಳಿದು ಒಂದು ಗಳಿಗೆ ನೋಡಿ ಬರೋಣವೆಂದರೆ ಆಗದು.

ಅಪ್ಪ ಬಡೇಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವ ಮನುಷ್ಯ. ನವಲಗುಂದದ ಕಡೆಯ ಹಳ್ಳಿಯಿಂದ ಹತ್ತಿ ಹಿಂಜುವ ಕಮಾನು ಹೆಗಲಿಗೇರಿಸಿ ಹುಬ್ಬಳ್ಳಿಗೆ ಬಂದವನು, ಓಣಿ ಓಣಿ ತಿರುಗಿ ಮಂದಿಯ ಮದುವೆಗೆ, ಬಾಣಂತಿತನಕ್ಕೆ ಗಾದಿ ಹಾಕಿಕೊಟ್ಟು ಮನೆ ಕಟ್ಟಿಸಿದ. ವಯಸ್ಸಾದ ಮೇಲೆ ಕಣ್ಣು ಮಂಜಾದವು, ಎದೆಯಲ್ಲಿ ಹತ್ತಿಯ ಧೂಳು ಉಳಿದು ಕೆಮ್ಮು ಹಿಡಿಯಿತು. ಆದರೂ ಗಟ್ಟಿ ಇದ್ದ. ಬಿದ್ದದ್ದು ಅವ್ವ. ಹಾಜರಾಬಿಗೆ ಒಂದು ರಮಜಾನಿನಲ್ಲಿ ಲಕ್ವಾ ಹೊಡೆದು ಬಲಗೈ ಬಲಗಾಲು ಹೋದವು, ನಾಲಿಗೆ ಹೊರಳದಾಯಿತು. ಎಡಗೈ ಒಂದೇ ಅವಳ ಮಾತು ಕೇಳುತ್ತಿತ್ತು.

ಇಸ್ತಿಯಾಕನ ಹೆಂಡತಿ ಗುಲ್ನಾಜ ಧಾರವಾಡದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ಮಲಗಿದವರ ಬೆನ್ನಿಗೆ ಹುಣ್ಣಾಗದಂತೆ ಮೋಟರಿನಿಂದ ಉಬ್ಬಿ ಇಳಿಯುವ ಗಾಳಿಗಾದಿಯನ್ನು ಅತ್ತೆಗೆಂದು ಅವಳೇ ತಂದು ಹಾಸಿದಳು. ಆವತ್ತು ಬಡೇಸಾಬ ಉಣ್ಣಲಿಲ್ಲ.

"ಅಲ್ಲವಾ ಗುಲ್ನಾಜ, ಹುಬ್ಬಳ್ಳಿ ಮಂದಿಗೆಲ್ಲಾ ಗಾದಿ ಹಾಕಿ ಕೊಟ್ಟಾಂವ ನಾ. ನನ್ನ ಹೆಂಡ್ತಿ ಗಾಳಿ ಮ್ಯಾಲ ಮಲಗಬೇಕ?"

"ಮಾವಾರ, ಹತ್ತಿ ಗಾದಿ ಮ್ಯಾಲ ಬೆನ್ನಿಗೆ ಹುಣ್ಣ ಬೀಳ್ತಾವ್ರಿ. ಇದರಾಗ ಮೈಗೆ ಗಾಳಿ ಆಡ್ತೈತಿ."

"ಸದ್ದರ ನೋಡ ಅದರದು! ಹಿಟ್ಟಿನ ಗಿರಣ್ಯಾಗ ಮಲಗಿದಂಗ."

ಬೈದ, ಗೊಣಗಿದ. ಒಂದು ತಿಂಗಳ ಮೇಲೆ ಹೆಂಡತಿಯ ಬೆನ್ನು ಸವರಿ ನೋಡಿ, ಚರ್ಮ ನುಣುಪಾಗಿರುವುದು ಕೈಗೆ ತಿಳಿದ ಮೇಲೆ ಸುಮ್ಮನಾದ. ಎರಡು ತಾಸಿಗೊಮ್ಮೆ ಅವಳ ಮಗ್ಗಲು ಬದಲಿಸುವುದನ್ನು ಸೊಸೆಯಿಂದ ಕಲಿತುಕೊಂಡ. ತೋಳಿನ ಕೆಳಗೆ ಕೈ ಹಾಕಬೇಕು, ಜಗ್ಗಬಾರದು, ಉರುಳಿಸಬೇಕು. ಕಣ್ಣು ಕಾಣದಿದ್ದರೂ ಕೈಯೊಳಗೆ ಗಾದಿ ಮಡಚಿದ ಅಭ್ಯಾಸವಿತ್ತು.

ಗಂಡ ಹೆಂಡತಿ ಇಬ್ಬರೂ ದುಡಿಯಬೇಕು, ಮನೆಯಲ್ಲಿ ಒಬ್ಬರಾದರೂ ಇರಬೇಕು. ಹೀಗಾಗಿ ಇಸ್ತಿಯಾಕ ಮುಂಜಾನೆಯ ಪಾಳಿ ಹಿಡಿದ, ಗುಲ್ನಾಜ ಮಧ್ಯಾಹ್ನದ ಪಾಳಿ. ಅವನು ಮನೆ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಅವಳು ಹೊರಡಬೇಕಾಗುತ್ತಿತ್ತು. ಅವನು ಎದ್ದು ಹೋಗುವಾಗ ಅವಳು ಮಲಗಿರುತ್ತಿದ್ದಳು, ಅವಳು ದುಡಿದು ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿರುತ್ತಿತ್ತು. ವಾರದ ರಜೆ ಅವನಿಗೊಂದು ದಿನ, ಅವಳಿಗೊಂದು ದಿನ. ಮೊದಮೊದಲು ಇಬ್ಬರೂ ಇದನ್ನು ನಾಲ್ಕು ದಿನದ ತ್ರಾಸು ಅಂದುಕೊಂಡರು. ವರ್ಷ ಕಳೆಯಿತು, ಎರಡಾಯಿತು. ಗೆಳೆಯರು ಚಹಾಕ್ಕೆ ಕರೆದು ಕರೆದು ಬಿಟ್ಟರು. ಮದುವೆ, ಮುಂಜಿ ಅಂತ ಎಲ್ಲಿಗೆ ಹೋದರೂ ಇಬ್ಬರಲ್ಲಿ ಒಬ್ಬರೇ ಹೋಗುತ್ತಿದ್ದರು. "ಅವರೆಲ್ಲಿ?" ಎಂದು ಕೇಳಿದವರಿಗೆ ಒಂದೇ ಉತ್ತರ. ಆಮೇಲಾಮೇಲೆ ಮಂದಿ ಕೇಳುವುದನ್ನೂ ಬಿಟ್ಟರು.

ಮಗಳು ಜೋಯಾ ಒಂಬತ್ತನೇ ಇಯತ್ತೆ. ಅವಳು ಏನೂ ಕೇಳದ ಹುಡುಗಿಯಾಗಿ ಬೆಳೆದಳು. ಸಾಲಿಯಲ್ಲಿ ಗ್ಯಾದರಿಂಗ್ ಇದ್ದಾಗ ನಾಟಕದಲ್ಲಿ ಪಾರ್ಟು ಮಾಡಿ, ಹಚ್ಚಿದ ಬಣ್ಣವನ್ನು ಅಲ್ಲೇ ನಳದಲ್ಲಿ ತೊಳೆದುಕೊಂಡು ಮನೆಗೆ ಬಂದು ಅಜ್ಜಿಯ ಮುಂದೆ ಮಾತ್ರ ಆಡಿ ತೋರಿಸಿದ್ದಳು. ಇಸ್ತಿಯಾಕನಿಗೆ ಅದು ತಿಳಿದದ್ದು ಬಾಜೂ ಮನೆಯ ರತ್ನವ್ವನಿಂದ.

ಹೀಗಿರುವಾಗ ಒಂದು ದಿನ ಗುಲ್ನಾಜಳಿಗೆ ದವಾಖಾನೆಯಿಂದ ಸ್ವಲ್ಪ ಮುಂಚೆ ಬರಲು ಹೇಳಿದರು. ಅವಳು ಬೈರಿದೇವರಕೊಪ್ಪದ ನಿಲ್ದಾಣದಲ್ಲಿ ನಿಂತಾಗ ಬಂದದ್ದು ಗಂಡ ಓಡಿಸುವ ಬಸ್ಸು. ಅವನ ಪಾಳಿಯ ಕೊನೆಯ ಟ್ರಿಪ್ಪು ಅದು. ಧಾರವಾಡ ಮುಟ್ಟಿ ಬಸ್ಸು ಇನ್ನೊಬ್ಬರಿಗೆ ಒಪ್ಪಿಸಿ ಅವನು ಮನೆಗೆ ಬರಬೇಕು. ಗುಲ್ನಾಜ ಹತ್ತಿ, ಮುಂದೆ ಬಂದು, ಡ್ರೈವರನ ಹಿಂದಿನ ಕಂಬ ಹಿಡಿದು ನಿಂತಳು. ಕನ್ನಡಿಯಲ್ಲಿ ಅವಳ ಮುಖ ಕಂಡು ಇಸ್ತಿಯಾಕನಿಗೆ ಎದೆಯಲ್ಲಿ ಏನೋ ಒಂದು ಹೊಸದಾಯಿತು. ಹೆಂಡತಿ ಎದ್ದು ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಅರಿವೆ ಹಾಕಿಕೊಂಡದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು.

"ಅವ್ವ ಉಂಡ್ಲೇನು?" ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ.

"ನಾಕ ತುತ್ತ ಉಂಡಾರ."

"ನೀ?"

"ಇದೇನ ಹೊಸಾದು? ನನ್ನ ಊಟ ಕೇಳಾಕತ್ತೀರಿ!" ಎಂದು ಅವಳು ನಕ್ಕಳು.

ಅಷ್ಟೇ ಮಾತು. ಆದರೆ ಮರುದಿನವೂ ಗುಲ್ನಾಜ ಅದೇ ಬಸ್ಸಿಗೆ ಬಂದಳು, ಅದರ ಮರುದಿನವೂ. ಕೆಲಸಕ್ಕೆ ಇನ್ನೂ ಹೊತ್ತಿದ್ದರೂ ಅರ್ಧ ತಾಸು ಮುಂಚೆ ಮನೆ ಬಿಡತೊಡಗಿದಳು. ಕೆಂಪು ದೀಪಕ್ಕೆ ಬಸ್ಸು ನಿಂತಾಗ ಶೇಂಗಾ ಚಿಕ್ಕಿಯ ತುಂಡೊಂದನ್ನು ಹಿಂದಿನಿಂದ ಅವನ ಕೈಗೆ ದಾಟಿಸುತ್ತಿದ್ದಳು. ಅವನು ಕೊನೆಯ ಟ್ರಿಪ್ಪಿಗೆ ಮೊದಲು ತಲೆ ಬಾಚಿಕೊಳ್ಳತೊಡಗಿದ. ಮದುವೆಯಾಗಿ ಹದಿನೇಳು ವರ್ಷವಾದವರು, ಮಂದಿಯ ನಡುವೆ, ಅವಳು ಅವನ ಬೆನ್ನು, ಅವನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತ, ನವನಗರ ದಾಟಿ ಧಾರವಾಡದ ಕಡೆಗೆ ಹೋಗುವ ಆ ಹೊತ್ತಿಗಾಗಿ ದಿನವಿಡೀ ಕಾಯುವಂತಾದರು.

ಇಬ್ಬರೂ ಒಂದೇ ಬಸ್ಸಿನಲ್ಲಿದ್ದಾಗ ಮನೆಯಲ್ಲಿ ಇಬ್ಬರು ಮುದುಕರ ಹೊರತು ಯಾರೂ ಇರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಗುಲ್ನಾಜ ರತ್ನವ್ವನಿಗೆ ಹೇಳಿ ಬರುತ್ತಿದ್ದಳು. ರತ್ನವ್ವ ಒಮ್ಮೆ ಬಂದು ಇಣುಕಿ ಹೋಗುತ್ತಿದ್ದಳು. ಇಸ್ತಿಯಾಕ ಧಾರವಾಡದಿಂದ ಸಿಕ್ಕ ಬಸ್ಸು ಹಿಡಿದು ಓಡಿ ಬರುತ್ತಿದ್ದ. ನಡುವಿನ ಆ ಹೊತ್ತನ್ನು ಬಡೇಸಾಬ ನೋಡಿಕೊಳ್ಳುತ್ತಿದ್ದ.

ಅದು ಮಾಘದ ಚಳಿ ಇಳಿದು ಬಿಸಿಲು ಏರತೊಡಗಿದ ದಿನ. ಬಸ್ಸು ನವನಗರ ಬಿಟ್ಟು ಸ್ವಲ್ಪ ಮುಂದೆ ಹೋಗಿತ್ತು. ಗುಲ್ನಾಜ ಏನೋ ಹೇಳುತ್ತಿದ್ದವಳು, ಜೋಯಾಳ ಕನ್ನಡಕದ ವಿಷಯ, ಅರ್ಧಕ್ಕೇ ನಿಲ್ಲಿಸಿದಳು. ಅವಳ ಫೋನು ಬಾರಿಸುತ್ತಿತ್ತು. ಇಸ್ತಿಯಾಕ ಕನ್ನಡಿಯಲ್ಲಿ ನೋಡಿದ. ಅವಳು ಫೋನು ಕಿವಿಗೆ ಹಿಡಿದು "ಹೂಂ... ಹೂಂ..." ಅನ್ನುತ್ತಿದ್ದಳು. ಅವಳ ಮುಖ ನರ್ಸಿನ ಮುಖವಾಯಿತು. ದವಾಖಾನೆಯಲ್ಲಿ ಅವಳು ಹೇಗಿರುತ್ತಾಳೋ ಅವನು ಕಂಡಿರಲಿಲ್ಲ, ಆದರೆ ಹೀಗೇ ಇರಬೇಕು ಅನಿಸಿತು.

"ಮಾವಾರು ಹೊಳ್ಳಿ ಮಾತಾಡಾಕತ್ತಾರೇನ್ರಿ? ಉಸಿರು ನೋಡ್ರಿ ರತ್ನವ್ವಾರ... ಎದಿ ಮ್ಯಾಲ ಕೈ ಇಟ್ಟ ನೋಡ್ರಿ..."

"ಏನಾತು?" ಎಂದ ಇಸ್ತಿಯಾಕ.

"ನೀವು ಮುಂದ ನೋಡ್ರಿ," ಅಂದಳು.

ರಾಯಾಪುರದ ನಿಲ್ದಾಣ ಬಂತು. ಬಾಗಿಲು ತೆರೆಯಿತು. ಗುಲ್ನಾಜ ಅವನ ಹೆಗಲ ಮೇಲೆ ಒಂದು ಸಲ ಕೈ ಇಟ್ಟಳು.

"ಮಾವಾರಿಗೆ ಚಕ್ಕರ್ ಬಂದು ಬಿದ್ದಾರಂತ. ನಾ ಇಲ್ಲೇ ಇಳದು ಆಟೋ ಹಿಡೀತೇನಿ. ನೀವು ನಡೀರಿ."

"ನಾನೂ ಬರ್ತೇನಿ."

"ಇಷ್ಟ ಮಂದೀನ ನಡು ದಾರ್ಯಾಗ ಬಿಟ್ಟ? ಹಿಂದ ಬಸ್ ನಿಂತಾವ. ನಡೀರಿ ನೀವು, ನಾ ಇದ್ದೇನಲ್ಲ."

ಅವಳು ಇಳಿದು ಓಡಿದಳು. ಹಿಂದಿನ ಬಸ್ಸು ಹಾರ್ನು ಹೊಡೆಯಿತು. ಇಸ್ತಿಯಾಕ ಬಾಗಿಲು ಮುಚ್ಚಿ ಬಸ್ಸು ಬಿಟ್ಟ. ಆ ದಾರಿಯಲ್ಲಿ ಹೊರಳಿಸಿಕೊಳ್ಳಲು ಜಾಗವಿಲ್ಲ, ಬದಿಗೆ ನಿಲ್ಲಿಸಲು ಬರುವುದಿಲ್ಲ, ಮುಂದೆ ಹೋಗುವುದೊಂದೇ. ಸತ್ತೂರು ಬಂತು, ಹೋಯಿತು. ಹಿಂದೆ ಕಾಲೇಜಿನ ಹುಡುಗಿಯರು ಯಾವುದೋ ವಿಡಿಯೋ ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬ ಅಜ್ಜ ಬಂದು "ತಮ್ಮಾ, ಕಲಾಭವನಕ್ಕ ಯಾವ ಸ್ಟಾಪಿಗೆ ಇಳೀಬೇಕು?" ಎಂದು ಕೇಳಿದ. ಇಸ್ತಿಯಾಕ ಹೇಳಿದ. ತನ್ನ ದನಿ ಎಂದಿನಂತೆಯೇ ಇರುವುದನ್ನು ಕೇಳಿ ಅವನಿಗೇ ಹೆದರಿಕೆಯಾಯಿತು. ಹಿಂದೆ ಅಷ್ಟು ಮಂದಿ ಇದ್ದರು, ಇವರಲ್ಲಿ ಒಬ್ಬರಿಗೂ ತನ್ನ ಅಪ್ಪನ ಹೆಸರು ಗೊತ್ತಿಲ್ಲವಲ್ಲ ಎಂಬುದೊಂದೇ ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಧಾರವಾಡದಲ್ಲಿ ಬಸ್ಸು ನಿಲ್ಲಿಸಿ ಫೋನು ಹಚ್ಚಿದ. ಗುಲ್ನಾಜ ಎತ್ತಿದಳು.

"ಲಗೂ ಬರ್ರಿ," ಅಂದಳು.

ಜೊತೆಯ ಡ್ರೈವರ್ ಜಾಕೀರ ಅವನ ಮುಖ ನೋಡಿದವನೇ ತನ್ನ ಗಾಡಿ ತೆಗೆದು ಹಿಂದೆ ಕೂರಿಸಿಕೊಂಡ. ಓಣಿಯ ಬಾಯಿಂದಲೇ ಮನೆಯ ಮುಂದೆ ಚಪ್ಪಲಿಗಳ ಸಾಲು ಕಂಡಿತು.

ಆದದ್ದಿಷ್ಟು. ಗುಲ್ನಾಜ ಹೋದ ಮೇಲೆ ಬಡೇಸಾಬ ಹೆಂಡತಿಯ ಮಗ್ಗಲು ಬದಲಿಸಿದ್ದ. ಆಮೇಲೆ ಎದೆ ಹಿಡಿದುಕೊಂಡು ಮಂಚದ ಕಾಲ ಬಳಿ ಕುಸಿದ. ಹಾಜರಾಬಿ ಮೇಲೆ, ಅವನು ಕೆಳಗೆ. ಅವಳಿಗೆ ಕೂಗಲು ಬರದು, ಏಳಲು ಬರದು. ಕೈಗೆಟುಕುವಲ್ಲಿದ್ದ ಸ್ಟೀಲಿನ ಲೋಟ ತೆಗೆದುಕೊಂಡು ಕಬ್ಬಿಣದ ಮಂಚಕ್ಕೆ ಬಡಿಯತೊಡಗಿದಳು. ರತ್ನವ್ವ ಮಿಕ್ಸರಿನಲ್ಲಿ ಚಟ್ನಿ ಪುಡಿ ಮಾಡುತ್ತಿದ್ದಳು. ಮಿಕ್ಸರು ನಿಂತಾಗ ಅವಳಿಗೆ ಆ ಸದ್ದು ಕೇಳಿತು.

"ಯಾರೋ ಪಾತ್ರಿ ಮಾರಾಂವ ಬಂದಾನಂತ ತಿಳಕೊಂಡೆ ತಮ್ಮಾ," ಎಂದು ರತ್ನವ್ವ ಹಣೆ ಬಡಿದುಕೊಂಡು ಅತ್ತಳು. "ಎಷ್ಟೊತ್ತಿನಿಂದ ಬಡ್ಯಾಕತ್ತಿದ್ಲೋ ಏನೋ. ಲೋಟಾ ಚಪ್ಪಟಿ ಆಗಿತ್ತು."

ಗುಲ್ನಾಜ ಬಂದವಳೇ ಮಾವನ ಎದೆ ಒತ್ತಿದ್ದಳು. ಡಾಕ್ಟರು ಬಂದು ಅವಳ ಕೈ ಹಿಡಿದು ನಿಲ್ಲಿಸುವ ತನಕ ಒತ್ತುತ್ತಲೇ ಇದ್ದಳು. ದವಾಖಾನೆಯಲ್ಲಿ ಗುರುತಿಲ್ಲದ ಎಷ್ಟೋ ಜನರನ್ನು ಹಾಗೆ ಮರಳಿ ತಂದ ಕೈ ಅದು. ಬಿದ್ದ ಕೂಡಲೇ ಒತ್ತಿದ್ದರೆ ಏನಾಗುತ್ತಿತ್ತು ಎಂದು ಯಾರೂ ಅವಳನ್ನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಗದಗಿನಿಂದ ಅಕ್ಕ ಶಮೀಮ ಬಂದಳು. ಅಪ್ಪನ ಮುಖ ನೋಡಿ ಅತ್ತು, ಅವ್ವನನ್ನು ತಬ್ಬಿಕೊಂಡು ಅತ್ತು, ಎಲ್ಲ ಮುಗಿದು ಮೂರನೆಯ ದಿನ ಜಿಯಾರತದ ಅನ್ನ ಉಣ್ಣುವಾಗ ತಲೆ ಎತ್ತದೆ ಅಂದಳು: "ಒಬ್ರರ ಮನ್ಯಾಗ ಇರಬೇಕಿತ್ತ, ಇಸ್ತಿಯಾಕ."

ಅವಳು ಕೆಟ್ಟವಳಲ್ಲ. ಅವಳ ಮನೆಯಲ್ಲೂ ಹಾಸಿಗೆ ಹಿಡಿದ ಅತ್ತೆ ಇದ್ದಳು, ಮರುದಿನವೇ ಅವಳು ಗದಗಿಗೆ ಓಡಬೇಕಿತ್ತು. ಇಸ್ತಿಯಾಕ ತುತ್ತು ಕೈಯಲ್ಲಿ ಹಿಡಿದು ಕೂತ. ಗುಲ್ನಾಜ ಬಾಗಿಲಲ್ಲಿ ನಿಂತು ಕೇಳಿದಳು, ಒಳಗೆ ಹೋದಳು. ಅರ್ಧ ತಾಸು ತಡವಾಗಿ ಹೋದರೂ ಆಗುತ್ತಿದ್ದ ಹೆಂಡತಿ, ತನ್ನ ಬೆನ್ನ ಹಿಂದೆ ನಿಲ್ಲಲೆಂದೇ ಮುಂಚೆ ಹೊರಡುತ್ತಿದ್ದಳು ಎಂಬುದು ಅಕ್ಕನಿಗೆ ಗೊತ್ತಿಲ್ಲ. ಹೇಳಲು ಬಾಯಿ ಬರುವ ಮಾತೂ ಅಲ್ಲ ಅದು.

ಗುಲ್ನಾಜ ಧಾರವಾಡದ ಕೆಲಸ ಬಿಟ್ಟಳು. ಬೈರಿದೇವರಕೊಪ್ಪದಲ್ಲೇ, ನಡೆದು ಹೋಗುವಷ್ಟು ದೂರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮುಂಜಾನೆಯ ಪಾಳಿಗೆ ಸೇರಿದಳು. ಇಸ್ತಿಯಾಕ ಮಧ್ಯಾಹ್ನದ ಪಾಳಿ ಕೇಳಿಕೊಂಡ, ಕೊಟ್ಟರು. ಈಗ ಮನೆ ಒಂದು ಗಳಿಗೆಯೂ ಬರಿದಾಗುವುದಿಲ್ಲ. ಅವಳು ಹೊಸ್ತಿಲ ಒಳಗೆ ಕಾಲಿಟ್ಟ ಮೇಲೆಯೇ ಅವನು ಹೊರಗೆ ಕಾಲಿಡುತ್ತಾನೆ. ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಔಷಧಿ ಕೊಟ್ಟಾಯಿತೋ ಇಲ್ಲವೋ, ಡೈಪರ್ ತರಬೇಕು, ಬಿಪಿ ಎಷ್ಟಿತ್ತು, ಇಷ್ಟೇ ಮಾತು. ಬಸ್ಸಿನ ಸುದ್ದಿಯನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಬೈದಾಡಿದ್ದರೂ ಎಷ್ಟೋ ಹಗುರವಾಗುತ್ತಿತ್ತು. ಇಬ್ಬರೂ ಬೈಯಲಿಲ್ಲ.

ಅವ್ವನ ಮೈ ತೊಳೆಯುವ ಕೆಲಸ ಈಗ ಇಸ್ತಿಯಾಕನಿಗೆ ಬಂತು. ಮೊದಲ ದಿನ ಅವನು ಬಿಸಿನೀರಿನ ಬೋಗುಣಿ ತಂದಿಟ್ಟಾಗ ಹಾಜರಾಬಿ ಎಡಗೈಯಿಂದ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಖ ಗೋಡೆಗೆ ತಿರುಗಿಸಿದಳು. "ಗು...ಗುಲ್..." ಅಂದಳು. ಸೊಸೆ ಬರಲಿ ಎಂದು ಅರ್ಥ.

"ಆಕಿ ಮಧ್ಯಾಹ್ನಕ್ಕ ಬರ್ತಾಳವಾ. ಅಲ್ಲಿ ತನಕಾ ಹಿಂಗ ಇರಾಕ ಆಗೂದಿಲ್ಲ. ನಾ ಕಣ್ಣ ಮುಚ್ಚತೇನಿ."

ಮೇಲೊಂದು ದುಪ್ಪಟಿ ಹೊದಿಸಿ, ಅದರ ಕೆಳಗೆ ಕೈ ಹಾಕಿ, ನಿಜಕ್ಕೂ ಕಣ್ಣು ಮುಚ್ಚಿಕೊಂಡು ಒರೆಸಿದ. ಅವ್ವನ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಆಮೇಲೆ ರೂಢಿಯಾಯಿತು. ನಾಚಿಕೆಯೂ ದಣಿಯುತ್ತದೆ. ಒರೆಸಿ, ಪೌಡರ್ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ತೆಳ್ಳಗೆ ಒಂದು ಹೆರಳು ಹಾಕುವಷ್ಟು ಅವನು ಕಲಿತ. ಆ ಮುಂಜಾನೆಗಳಲ್ಲಿ ಮಗಳು ಸಾಲಿಗೆ, ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಗಾಳಿಗಾದಿಯ ಮೋಟರಿನ ಸದ್ದೊಂದೇ.

ಮಳೆಗಾಲ ಹಿಡಿದಿತ್ತು. ಒಂದು ಮುಂಜಾನೆ ಹೆರಳು ಹಾಕುತ್ತಿದ್ದಾಗ ಹಾಜರಾಬಿ ತಾನಾಗಿ ಮಾತು ತೆಗೆದಳು.

"ಅಪ್ಪ... ನ...ನಗ್ತಿದ್ದ."

"ಯಾವಾಗವಾ?"

"ಆ ದಿನಾ."

ಇಸ್ತಿಯಾಕನ ಕೈ ನಿಂತಿತು. ಅವಳು ಒಂದೊಂದೇ ಮಾತನ್ನು ನಾಲಿಗೆಯಿಂದ ದೂಡಿ ದೂಡಿ ಹೊರಗೆ ಹಾಕಿದಳು. ನಡುವೆ ದಣಿದು ನಿಲ್ಲಿಸಿದಳು, ನೀರು ಕುಡಿದಳು, ಮತ್ತೆ ಹೇಳಿದಳು. ಅವನು ಪೋಣಿಸಿಕೊಂಡದ್ದು ಇಷ್ಟು. ಆವತ್ತು ಗುಲ್ನಾಜ ಹೊರಡಲು ತಡಮಾಡಿದ್ದಳು. ಇವತ್ತು ಆಮೇಲಿನ ಬಸ್ಸಿಗೆ ಹೋಗುತ್ತೇನೆ ಅಂದಿದ್ದಳು. ಬಡೇಸಾಬನೇ ಅವಳನ್ನು ಎಬ್ಬಿಸಿ ಕಳಿಸಿದ್ದ: "ಲಗೂ ನಡೀವಾ, ನಿನ್ನ ಬಸ್ ತಪ್ಪತೈತಿ." ಅವಳು ಹೋದ ಮೇಲೆ ಹೆಂಡತಿಯ ಮಂಚದ ಅಂಚಿಗೆ ಕೂತು ನಕ್ಕಿದ್ದ. "ನಾವು ಕಾಣೂದಿಲ್ಲಂತ ತಿಳಕೊಂಡಾರ. ಹೊಸದಾಗಿ ಲಗ್ನ ಆದವರಂಗ ಬಸ್ಸಿನ್ಯಾಗ ಭೆಟ್ಟಿ ಆಗ್ತಾರ, ಹಾಜರಾ. ಆಗಲಿ. ನಮ್ಮಿಂದ ಅವಕ್ಕ ಒಂದ ಮಾತಿಗೂ ಪುರಸೊತ್ತಿಲ್ಲ." ಹಾಗೆ ಅಂದು, ಅವಳ ಮಗ್ಗಲು ಬದಲಿಸಿ, ಎದ್ದು ನಿಂತವನು ಕುಸಿದಿದ್ದ.

"ಇಷ್ಟ ದಿನಾ ಯಾಕ ಹೇಳಲಿಲ್ಲವಾ?"

ಹಾಜರಾಬಿ ತನ್ನ ಬಾಯಿಯನ್ನು ಎಡಗೈಯಿಂದ ತೋರಿಸಿದಳು. ಅಷ್ಟು ಉದ್ದದ ಮಾತು ಕೂಡಿಸಲು ಅವಳಿಗೆ ಅಷ್ಟು ತಿಂಗಳು ಬೇಕಾಗಿತ್ತು.

ಮಧ್ಯಾಹ್ನ ಗುಲ್ನಾಜ ಬಂದಳು. ಮಳೆಯಲ್ಲಿ ನೆನೆದಿದ್ದಳು. ಅವನು ತಟ್ಟೆಗೆ ರೊಟ್ಟಿ, ಪುಂಡಿಪಲ್ಯ ಹಾಕಿ ಮುಂದಿಟ್ಟ. ಹೇಳಬೇಕೆಂದು ಮುಂಜಾನೆಯಿಂದ ಮಾತು ಜೋಡಿಸಿಕೊಂಡಿದ್ದ. ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಗೋಡೆಗೆ ಒರಗಿ, ಎಂಜಲು ಕೈ ತಟ್ಟೆಯಲ್ಲೇ ಇಟ್ಟು, ನಿದ್ದೆ ಹೋಗಿದ್ದಳು. ಕೂದಲಿನ ಬುಡದಲ್ಲಿ ಬೆಳ್ಳಗಾದದ್ದು ಕಂಡಿತು. ಯಾವಾಗ ಆಯಿತೋ ಇದು? ಅವನು ತಟ್ಟೆ ಸರಿಸಿ, ಒದ್ದೆ ಬಟ್ಟೆಯಿಂದ ಅವಳ ಬೆರಳುಗಳನ್ನು ಮೆಲ್ಲಗೆ ಒರೆಸಿದ. ಅವಳಿಗೆ ಎಚ್ಚರವಾಗಲಿಲ್ಲ. ಹೊತ್ತಾಗಿತ್ತು. ತನ್ನ ಊಟದ ಡಬ್ಬಿ ಎತ್ತಿಕೊಂಡು, ಅವ್ವನಿಗೆ ಕೈಸನ್ನೆ ಮಾಡಿ ಹೊರಟ.

ಸಂಜೆ ಧಾರವಾಡದಲ್ಲಿ ಬಸ್ಸು ತಿರುಗುವ ಮೊದಲು ಸ್ವಲ್ಪ ಬಿಡುವು ಸಿಕ್ಕಿತು. ಮಳೆ ನಿಂತು ಬೆಳಕು ಇನ್ನೂ ಇತ್ತು. ಇಸ್ತಿಯಾಕ ಫೋನು ಹಚ್ಚಿದ. ಏನಾತು ಎಂದು ಗುಲ್ನಾಜ ಗಾಬರಿಯಿಂದ ಕೇಳಿದಳು. ಈ ಹೊತ್ತಿನಲ್ಲಿ ಅವನು ಎಂದೂ ಫೋನು ಮಾಡಿದವನಲ್ಲ.

"ಏನೂ ಆಗಿಲ್ಲ. ಅವ್ವ ಇವತ್ತ ಒಂದ ಮಾತ ಹೇಳಿದ್ಲು."

ಹೇಳಿದ. ಅಪ್ಪ ನಕ್ಕದ್ದನ್ನು ಹೇಳಿದ. ಅವಳನ್ನು ಎಬ್ಬಿಸಿ ಕಳಿಸಿದ್ದು ಅವಳಿಗೆ ನೆನಪಿತ್ತು, ಯಾಕೆ ಕಳಿಸಿದನೆಂಬುದು ಗೊತ್ತಿರಲಿಲ್ಲ. ಹೊಸದಾಗಿ ಲಗ್ನವಾದವರ ಹಾಗೆ ಎಂಬ ಮಾತನ್ನೂ ಹೇಳಿದ. ಆಚೆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಬಂತು. ಅಪ್ಪ ಸತ್ತ ದಿನದಿಂದ ಅವಳು ಅತ್ತದ್ದನ್ನು ಅವನು ಕಂಡಿರಲಿಲ್ಲ.

"ಡಬ್ಬಿ ಉಂಡ್ರೇನು?" ಎಂದು ಕೇಳಿದಳು.

"ಇನ್ನೂ ಇಲ್ಲ."

"ಉಣ್ರಿ. ಆರಿ ಹೋಗಿರ್ತೈತಿ."

ಆದರೂ ಅವಳು ಫೋನು ಇಡಲಿಲ್ಲ. ಅವನೂ ಇಡಲಿಲ್ಲ. ಆಚೆ ಕಡೆ ಜೋಯಾ ಗಟ್ಟಿಯಾಗಿ ಪಾಠ ಓದುವುದು ಕೇಳುತ್ತಿತ್ತು. ಆಮೇಲೆ ಅವ್ವ ಕೆಮ್ಮಿದಳು. "ಅತ್ತಿ ಕರ್ಯಾಕತ್ತಾರ, ಇಡ್ತೇನ್ರಿ," ಎಂದು ಗುಲ್ನಾಜ ಫೋನು ಇಟ್ಟಳು.

ಇಸ್ತಿಯಾಕ ಖಾಲಿ ಬಸ್ಸಿನಲ್ಲಿ, ಮಂದಿ ಕೂರುವ ಸೀಟಿನಲ್ಲಿ ಮೊದಲ ಸಲ ಕೂತು, ಡಬ್ಬಿ ಬಿಚ್ಚಿದ. ಪಕ್ಕದ ಸೀಟಿನ ಮೇಲೆ ಮುಚ್ಚಳ ಇಟ್ಟು, ರೊಟ್ಟಿ ಮುರಿದು ಉಂಡ. ಅಷ್ಟರಲ್ಲಿ ನಿಲ್ದಾಣದಲ್ಲಿ ಮಂದಿ ಕೂಡಿದ್ದರು.